ರಾಜೀನಾಮೆ ಕೊಟ್ಟು ಗುತ್ತಿಗೆ ಮೇಲೆ ಬನ್ನಿ ಅನ್ನುತ್ತಿದ್ದಾರೆ, ಸಹಿ ಹಾಕಬೇಕಾ? (ಶಿವಮೊಗ್ಗ, ಪತ್ರಿಕೆ ಡೆಸ್ಕ್)

ಕೊನೇಪುಟ

ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಮೊದಲ ಸಲ. ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ. ದಿನಾ ಬೇರೆಯವರು ಬರೆದಿದ್ದನ್ನು ಕತ್ತರಿಸುವುದೇ ಕೆಲಸ, ಹಾಗಾಗಿ ನನ್ನದು ಬರೆಯುವಾಗ ಕೈ ನಿಲ್ಲುವುದಿಲ್ಲ.

ನಾನು ಶಿವಮೊಗ್ಗದಲ್ಲಿ ಒಂದು ಕನ್ನಡ ದಿನಪತ್ರಿಕೆಯ ಡೆಸ್ಕ್‌ನಲ್ಲಿ ಉಪಸಂಪಾದಕಿ. ಒಂಬತ್ತು ವರ್ಷ ಆಯಿತು. ಪತ್ರಿಕೆ ಹೆಸರು ಹೇಳುವುದಿಲ್ಲ, ಕೇಳಬೇಡಿ. ಕೆಲಸ ಸಂಜೆ ನಾಲ್ಕರಿಂದ ರಾತ್ರಿ ಹನ್ನೆರಡರ ತನಕ. ತಾಲ್ಲೂಕುಗಳಿಂದ ಬಂದ ಸುದ್ದಿ ತಿದ್ದುವುದು, ತಲೆಬರಹ ಕೊಡುವುದು, ಪುಟ ಕಟ್ಟುವುದು, ಅಡಿಕೆ ಧಾರಣೆ ಹಾಕುವುದು, ನಿಧನ ವಾರ್ತೆಯ ಫೋಟೊಗಳು ಅದಲುಬದಲಾಗದ ಹಾಗೆ ನೋಡಿಕೊಳ್ಳುವುದು. 2017ರಲ್ಲಿ ಸೇರಿದಾಗ ಡೆಸ್ಕ್‌ನಲ್ಲಿ ಹದಿನಾರು ಜನ ಇದ್ದೆವು. ಕೊರೊನಾ ವರ್ಷ ಐದು ಜನರನ್ನು ಕಳಿಸಿದರು, ಉಳಿದವರ ಸಂಬಳ ಕಡಿಮೆ ಮಾಡಿದರು, ಪರಿಸ್ಥಿತಿ ಸರಿಯಾದ ಮೇಲೆ ವಾಪಸ್ ಕೊಡುತ್ತೇವೆ ಎಂದರು. ಪರಿಸ್ಥಿತಿ ಸರಿಯಾಯಿತು ಅಂತ ನಾವೇ ಎಷ್ಟೋ ಸಲ ತಲೆಬರಹ ಕೊಟ್ಟೆವು. ಸಂಬಳ ಮಾತ್ರ ವಾಪಸ್ ಬರಲಿಲ್ಲ.

ಜುಲೈ 1ಕ್ಕೆ ಪತ್ರಿಕಾ ದಿನಾಚರಣೆ ಅಲ್ವಾ. 1843ರಲ್ಲಿ ಆ ದಿನ ಮಂಗಳೂರ ಸಮಾಚಾರ ಹೊರಬಂತು, ಅದೇ ಕನ್ನಡದ ಮೊದಲ ಪತ್ರಿಕೆ ಅಂತ ಪ್ರತಿ ವರ್ಷ ಅದೇ ಭಾಷಣ. ಈ ಸಲ ನಮ್ಮ ಆಫೀಸಿನಲ್ಲೂ ಸಣ್ಣ ಕಾರ್ಯಕ್ರಮ ಮಾಡಿ ನನಗೊಂದು ಶಾಲು ಹೊದಿಸಿದರು. ಮುಂದಿನ ವಾರವೇ ಬೆಂಗಳೂರಿನಿಂದ ಎಚ್‌ಆರ್‌ನವರು ಇಬ್ಬರು ಬಂದರು. ಆಫೀಸಿಗೆ ಕಾಲಿಡಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಹೋಟೆಲ್‌ನಲ್ಲಿ ರೂಮ್ ಮಾಡಿಕೊಂಡು ಒಬ್ಬೊಬ್ಬರನ್ನೇ ಕರೆಸಿದರು. ಇನ್ನು ಮೇಲೆ ಎಲ್ಲ ಜಿಲ್ಲೆಯ ಪುಟಗಳನ್ನೂ ಬೆಂಗಳೂರಿನಲ್ಲೇ ಕಟ್ಟುತ್ತಾರಂತೆ. ಹನ್ನೊಂದು ಜನರಲ್ಲಿ ನಾಲ್ವರು ಸಾಕಂತೆ. ನನ್ನ ಮುಂದೆ ಇಟ್ಟಿದ್ದು ಮೂರು ದಾರಿ. ಬೆಂಗಳೂರಿಗೆ ವರ್ಗ, ಇದೇ ಸಂಬಳದಲ್ಲಿ. ಇಲ್ಲವೇ ರಾಜೀನಾಮೆ ಕೊಟ್ಟು ಮನೆಗೆ. ಅದೂ ಬೇಡ ಅಂದರೆ ರಾಜೀನಾಮೆ ಕೊಟ್ಟು ಮರುದಿನದಿಂದ ಬೇರೊಂದು ಕಂಪನಿ ಹೆಸರಿನಲ್ಲಿ ಒಂದು ವರ್ಷದ ಗುತ್ತಿಗೆ.

ಆ ಗುತ್ತಿಗೆ ಪತ್ರವನ್ನು ಓದಲು ಹತ್ತು ನಿಮಿಷ ಕೊಟ್ಟರು, ಫೋಟೊ ತೆಗೆಯಲು ಬಿಡಲಿಲ್ಲ. ನೆನಪಿರುವಷ್ಟು ಹೇಳುತ್ತೇನೆ. ಈಗ 27 ಸಾವಿರ ಬರುತ್ತದೆ, ಅದು 24 ಆಗುತ್ತದೆ. ಅದಕ್ಕೆ ಸಂಬಳ ಅನ್ನುವುದಿಲ್ಲ, ವೃತ್ತಿಪರ ಶುಲ್ಕ ಅನ್ನುತ್ತಾರೆ, ಶೇ 10ರಷ್ಟು ಟಿಡಿಎಸ್ ಹಿಡಿಯುತ್ತಾರೆ. ಪಿಎಫ್ ಇಲ್ಲ. ರಜೆ ಬಗ್ಗೆ ಒಂದು ಸಾಲೂ ಇಲ್ಲ. ಕಾರಣ ಕೊಡದೆ ಹದಿನೈದು ದಿನದಲ್ಲಿ ತೆಗೆಯಬಹುದು. ವೆಬ್‌ಸೈಟ್‌ಗೆ ಬರೆಯುವುದು, ವಿಡಿಯೊಗೆ ಧ್ವನಿ ಕೊಡುವುದು ಎಲ್ಲವೂ ಸೇರಿದೆ, ಕೆಲಸದ ಹೊತ್ತು ಎಷ್ಟು ಅಂತ ಬರೆದಿಲ್ಲ. ಶುಕ್ರವಾರದ ಒಳಗೆ ಹೇಳಿ, ಆಮೇಲೆ ಇದೂ ಸಿಗುವುದಿಲ್ಲ ಎಂದರು.

ಬೆಂಗಳೂರಿಗೆ ಹೋಗಲು ಆಗುವುದಿಲ್ಲ. ಅತ್ತೆಗೆ ಹುಷಾರಿಲ್ಲ, ಮಗಳು ಆರನೇ ಕ್ಲಾಸು, ಮನೆಯವರ ಅಂಗಡಿ ಗಾಂಧಿ ಬಜಾರ್‌ನಲ್ಲಿ. 27 ಸಾವಿರಕ್ಕೆ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿ ಏನು ತಿನ್ನುವುದು?

ಸಹೋದ್ಯೋಗಿಗಳು ಸೋಮವಾರ ಎಲ್ಲರೂ ಒಟ್ಟಿಗೆ ರಜೆ ಹಾಕಿ ಕಪ್ಪು ಪಟ್ಟಿ ಕಟ್ಟಿಕೊಂಡು ಗೋಪಿ ಸರ್ಕಲ್‌ನಲ್ಲಿ ಕೂರೋಣ ಅನ್ನುತ್ತಿದ್ದಾರೆ. ನನಗೆ ಧೈರ್ಯ ಸಾಲುತ್ತಿಲ್ಲ. ಜೊತೆಗೆ ಇನ್ನೊಂದು. 2023ರಲ್ಲಿ ಭದ್ರಾವತಿಯ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್‌ನ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತಿದ್ದರಲ್ಲ, ಆ ಸುದ್ದಿ ನನ್ನ ಟೇಬಲ್‌ಗೇ ಬರುತ್ತಿತ್ತು. ಮೊದಲ ವಾರ ಮೂರು ಕಾಲಂ ಹಾಕಿದೆ. ಆಮೇಲೆ ಒಂದು ಕಾಲಂ. ಆಮೇಲೆ ಸಂಕ್ಷಿಪ್ತ ಸುದ್ದಿಗೆ ಇಳಿಸಿದೆ. ದಿನಾ ಅದೇ ಅಲ್ವಾ ಅಂತ ಯಾರೂ ಹೇಳದೆಯೇ ನಾನೇ ಇಳಿಸಿದ್ದು. ಈಗ ನಮ್ಮದನ್ನು ಯಾರು ಹಾಕುತ್ತಾರೆ?

ಸಹಿ ಹಾಕಲಾ, ಬೇಡವಾ? ಗೊತ್ತಿದ್ದವರು ಹೇಳಿ.

ಅಚ್ಚುಮೊಳೆ

ತಂಗೀ, ಸಹಿ ಹಾಕಬೇಡ. ಮೊದಲು ಇಷ್ಟು ಓದಿ ಸಮಾಧಾನ ಮಾಡಿಕೋ, ಉಳಿದಿದ್ದು ಆಮೇಲೆ.

ನಾನು ಮೂವತ್ತೊಂದು ವರ್ಷ ಡೆಸ್ಕ್‌ನಲ್ಲಿದ್ದು ನಿವೃತ್ತನಾದವನು. ಅಚ್ಚಿನ ಮೊಳೆ ಜೋಡಿಸುವ ಕಾಲದ ಕೊನೆ ನೋಡಿದ್ದೇನೆ, ಭದ್ರಾವತಿಯ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) ಕಾಗದದ ಮೇಲೆ ಪೇಪರ್ ಅಚ್ಚಾಗುತ್ತಿದ್ದುದನ್ನೂ ನೋಡಿದ್ದೇನೆ. 1936ರಲ್ಲಿ ಶುರುವಾದ ಕಾರ್ಖಾನೆ ಅದು, 2015ರಲ್ಲಿ ಯಂತ್ರ ನಿಂತಾಗ ನಮ್ಮ ಆಫೀಸಿನಲ್ಲಿ ಒಬ್ಬನೇ ಒಬ್ಬ, ಇನ್ನು ನಮ್ಮ ಸರದಿ ಮಾರಾಯ ಅಂದಿದ್ದ. ನಾವು ನಕ್ಕಿದ್ದೆವು.

ಸಹಿ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇದೇ ಸಹಿಯಲ್ಲಿ ನಾವೂ ಒಮ್ಮೆ ಸಿಕ್ಕಿಬಿದ್ದವರು. ಮಜೀಠಿಯಾ ವೇತನ ಮಂಡಳಿ ಹೆಸರು ಕೇಳಿರುತ್ತೀಯ, ಪತ್ರಿಕೆ ನೌಕರರ ಸಂಬಳ ನಿಗದಿ ಮಾಡಲು ಕೇಂದ್ರ ಸರ್ಕಾರ ನೇಮಿಸಿದ್ದು. ಅದರ ಶಿಫಾರಸು 2011ರ ನವೆಂಬರ್ 11ಕ್ಕೆ ಅಧಿಸೂಚನೆ ಆಯಿತು. ಪತ್ರಿಕೆ ಮಾಲೀಕರು ಕೋರ್ಟಿಗೆ ಹೋದರು. 2014ರ ಫೆಬ್ರುವರಿ 7ಕ್ಕೆ ಸುಪ್ರೀಂ ಕೋರ್ಟ್ ಮಂಡಳಿಯನ್ನೇ ಎತ್ತಿಹಿಡಿದು, ಬಾಕಿಯನ್ನು ಒಂದು ವರ್ಷದಲ್ಲಿ ನಾಲ್ಕು ಕಂತಿನಲ್ಲಿ ಕೊಡಿ ಎಂದಿತು. ನಾವೆಲ್ಲ ಆಫೀಸಿನಲ್ಲಿ ಕೇಸರಿಬಾತ್ ತರಿಸಿ ತಿಂದೆವು. ಆದರೆ ಆ ಶಿಫಾರಸಿನಲ್ಲಿ 20(ಜೆ) ಅಂತ ಒಂದು ಸಣ್ಣ ಕಲಂ ಇತ್ತು. ಇಷ್ಟ ಇದ್ದವರು ಈಗಿನ ಸಂಬಳವನ್ನೇ ಉಳಿಸಿಕೊಳ್ಳಬಹುದು ಅಂತ. ಅದನ್ನು ಹಿಡಿದುಕೊಂಡು ನಮ್ಮಲ್ಲಿ ಒಂದು ಅಚ್ಚಾದ ಹಾಳೆ ಹಂಚಿದರು: ನನಗೆ ಈಗ ಬರುತ್ತಿರುವ ಸಂಬಳ ತೃಪ್ತಿ ತಂದಿದೆ, ಹೊಸದು ಬೇಡ. ಜಾಸ್ತಿ ಸಂಬಳ ಬೇಡ ಅಂತ ಯಾರಾದರೂ ಸ್ವಂತ ಬುದ್ಧಿಯಿಂದ ಬರೆದುಕೊಡುತ್ತಾರಾ? ಆದರೂ ಎಲ್ಲರೂ ಸಹಿ ಹಾಕಿದೆವು. ನಾನೂ ಹಾಕಿದೆ. ಮಗನ ಇಂಜಿನಿಯರಿಂಗ್ ಫೀಸು ಕಟ್ಟುವ ತಿಂಗಳು ಅದು.

2017ರ ಜೂನ್ 19ಕ್ಕೆ ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತು. 20(ಜೆ) ಇರುವುದು ಮಂಡಳಿ ಹೇಳಿದ್ದಕ್ಕಿಂತ ಜಾಸ್ತಿ ಪಡೆಯುತ್ತಿರುವವರಿಗೆ, ಕಡಿಮೆ ಪಡೆಯುವವರು ಬರೆದುಕೊಟ್ಟರೂ ಹಕ್ಕು ಹೋಗುವುದಿಲ್ಲ, ಗುತ್ತಿಗೆ ನೌಕರರಿಗೂ ಮಂಡಳಿ ಅನ್ವಯಿಸುತ್ತದೆ ಎಂದಿತು. ಓದಿ ಖುಷಿಯಾಯಿತು. ಆದರೆ ಮಾಲೀಕರ ಮೇಲೆ ನ್ಯಾಯಾಂಗ ನಿಂದನೆ ಹೊರಿಸಲಿಲ್ಲ, ನಿಮ್ಮ ಬಾಕಿ ಕೇಳಲು ಒಬ್ಬೊಬ್ಬರೂ ಕಾರ್ಮಿಕ ಇಲಾಖೆಗೆ ಹೋಗಿ ಎಂದಿತು. ಆ ಹೊತ್ತಿಗೆ ನಮ್ಮಲ್ಲಿ ಅರ್ಧ ಜನ ನಿವೃತ್ತರು, ಉಳಿದವರಿಗೆ ಕೆಲಸದ ಹೆದರಿಕೆ. ಹೋದವರು ಮೂರೇ ಜನ. ಹೋಗದವರಲ್ಲಿ ನಾನೊಬ್ಬ.

ಅದಕ್ಕೇ ಹೇಳಿದ್ದು. ಅವರು ನಿನ್ನನ್ನು ತೆಗೆಯುವುದೇ ಆದರೆ ಅವರೇ ತೆಗೆಯಲಿ. ನೀನಾಗಿ ಬಿಟ್ಟೆ ಅಂತ ನಿನ್ನ ಕೈಯಲ್ಲೇ ಬರೆಸಿಕೊಳ್ಳುವುದು ಯಾಕೆ ಅಂತ ಸ್ವಲ್ಪ ಯೋಚನೆ ಮಾಡು.

ಕಮಾನು ಸೇತುವೆ

ನಾನು ತೀರ್ಥಹಳ್ಳಿ ಕಡೆಯ ಸ್ಟ್ರಿಂಗರ್, ಅಂದರೆ ಸಂಬಳ ಇಲ್ಲದೆ ಗೌರವಧನಕ್ಕೆ ಊರ ಸುದ್ದಿ ಕಳಿಸುವವನು. ಸ್ವಲ್ಪ ಖಾರವಾಗಿ ಬರೆಯುತ್ತೇನೆ, ಮೇಡಂ ತಪ್ಪು ತಿಳಿಯಬಾರದು.

ನಿಮಗೆ ಈಗ ಬಂದಿರುವ ಪತ್ರದಲ್ಲಿ ಇರುವುದೆಲ್ಲ ನಮಗೆ ಮೊದಲ ದಿನದಿಂದಲೇ ಇದೆ. ಪಿಎಫ್ ಇಲ್ಲ, ರಜೆ ಇಲ್ಲ, ಹೊತ್ತು ಗೊತ್ತಿಲ್ಲ. ನಮಗೆ ಪತ್ರವೂ ಇಲ್ಲ. ತಿಂಗಳಿಗೆ ಇಷ್ಟು ಅಂತ ಗೌರವಧನ, ಅದು ಬೈಕಿನ ಪೆಟ್ರೋಲಿಗೆ ಸರಿ. ಆಗುಂಬೆ ಘಾಟಿಯಲ್ಲಿ ಗುಡ್ಡ ಕುಸಿದರೆ ರಾತ್ರಿ ಹತ್ತಕ್ಕೂ ಫೋನ್ ಬರುತ್ತದೆ, ಫೋಟೊ ಕಳಿಸಿ ಅಂತ. ನೆಟ್‌ವರ್ಕ್ ಸಿಗುವ ದಿಬ್ಬ ಹುಡುಕಿಕೊಂಡು ಮಳೆಯಲ್ಲಿ ನಿಂತು ಕಳಿಸಬೇಕು. ಮಂಗನ ಕಾಯಿಲೆ ಬಂದ ವರ್ಷ ಕಾಡಂಚಿನ ಮನೆಗಳಿಗೆ ಹೋಗಿ ಬಂದೆ, ಮೈಗೆ ಹಚ್ಚಿಕೊಳ್ಳುವ ಎಣ್ಣೆ ನನ್ನದೇ ದುಡ್ಡು. ಆಗಸ್ಟ್ 15, ದೀಪಾವಳಿ ಬಂತು ಅಂದರೆ ಸುದ್ದಿ ಬಿಡಿ, ಜಾಹೀರಾತು ಟಾರ್ಗೆಟ್. ಬೆಳಿಗ್ಗೆ ಯಾರ ವಿರುದ್ಧ ಬರೆದಿರುತ್ತೇನೋ ಸಂಜೆ ಅವರ ಹತ್ತಿರವೇ ಶುಭಾಶಯದ ಜಾಹೀರಾತು ಕೇಳಬೇಕು.

ಒಂಬತ್ತು ವರ್ಷದಲ್ಲಿ ನಿಮ್ಮ ಡೆಸ್ಕ್‌ನಿಂದ ಒಬ್ಬರಾದರೂ ನಮ್ಮ ಬಗ್ಗೆ ಒಂದು ಮಾತು ಆಡಿದ್ದುಂಟಾ? ಸುದ್ದಿ ಹತ್ತು ನಿಮಿಷ ತಡವಾದರೆ ಗದರುವುದಕ್ಕೆ ಮಾತ್ರ ಫೋನ್. ಈಗ ಗುತ್ತಿಗೆ ಅಂದ ಕೂಡಲೇ ಗೋಪಿ ಸರ್ಕಲ್ ನೆನಪಾಯಿತು.

ಸಹಿ ಹಾಕಿ ಅಂತ ಹೇಳುತ್ತಿಲ್ಲ. ಹೇಳಬೇಕು ಅನ್ನಿಸಿತು, ಹೇಳಿದೆ.

ಭದ್ರಾ ಕಾಲೊನಿ

ನಾನು ಕಾರ್ಮಿಕ ಕೇಸುಗಳನ್ನು ನಡೆಸುವ ವಕೀಲ, ಊರು ಭದ್ರಾವತಿ. ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಬೆಳೆದವನಿಗೆ ಈ ಪತ್ರಗಳ ಭಾಷೆ ಚೆನ್ನಾಗಿ ಗೊತ್ತು. ಅಚ್ಚುಮೊಳೆ ಸರ್ ಮುಖ್ಯವಾದ ಮಾತು ಹೇಳಿದ್ದಾರೆ, ನಾನು ಅದಕ್ಕೆ ಲೆಕ್ಕ ಸೇರಿಸುತ್ತೇನೆ.

ಕಂಪನಿ ನಿಮ್ಮನ್ನು ಹೆಚ್ಚುವರಿ ಅಂತ ತೆಗೆದರೆ ಅದು ರಿಟ್ರೆಂಚ್‌ಮೆಂಟ್. ಅದಕ್ಕೆ ನೋಟಿಸ್ ಕೊಡಬೇಕು ಅಥವಾ ಅಷ್ಟು ದಿನದ ಸಂಬಳ ಕೊಡಬೇಕು. ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ ಪರಿಹಾರ ಕೊಡಬೇಕು. ನಿಮ್ಮ 27 ಸಾವಿರಕ್ಕೆ ಹದಿನೈದು ದಿನ ಅಂದರೆ 13,500, ಒಂಬತ್ತು ವರ್ಷಕ್ಕೆ 1,21,500. ಒಂದು ತಿಂಗಳ ನೋಟಿಸ್ ಸಂಬಳ ಸೇರಿದರೆ ಒಂದೂವರೆ ಲಕ್ಷದ ಹತ್ತಿರ. ಜೊತೆಗೆ ಸಾಮಾನ್ಯವಾಗಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು, ಮುಂದೆ ಅದೇ ಕೆಲಸಕ್ಕೆ ಜನ ತೆಗೆದುಕೊಂಡರೆ ನಿಮ್ಮನ್ನು ಮೊದಲು ಕರೆಯಬೇಕು. ನೀವೇ ರಾಜೀನಾಮೆ ಕೊಟ್ಟರೆ ಇದರಲ್ಲಿ ಒಂದು ಪೈಸೆಯೂ ಇಲ್ಲ. ಆ ಹೋಟೆಲ್ ರೂಮಿನ ಬಾಡಿಗೆ ಯಾಕೆ ಕೊಟ್ಟರು ಅಂತ ಈಗ ಗೊತ್ತಾಯಿತಲ್ಲ.

ಗ್ರಾಚುಟಿ ಬೇರೆ. ಅದು ವರ್ಷಗಟ್ಟಲೆ ದುಡಿದದ್ದಕ್ಕೆ ಕೆಲಸ ಬಿಡುವಾಗ ಸಿಗುವ ಇಡಿಗಂಟು, ರಾಜೀನಾಮೆ ಕೊಟ್ಟರೂ ಬರುತ್ತದೆ. ನಿಮ್ಮ ಮೂಲ ವೇತನ 14 ಸಾವಿರ ಅಂತ ಇಟ್ಟುಕೊಂಡರೆ, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ಮತ್ತೆ ಒಂಬತ್ತರಿಂದ ಗುಣಿಸಿ. ಸುಮಾರು 72 ಸಾವಿರ. ಇದನ್ನು ಅವರು ದೊಡ್ಡ ಉಪಕಾರದ ಹಾಗೆ ತೋರಿಸಬಹುದು, ಅದು ನಿಮ್ಮದೇ ದುಡ್ಡು.

ಈಗ ಕಾನೂನು. ಪತ್ರಕರ್ತರಿಗೆ 1955ರಿಂದ ಒಂದು ಪ್ರತ್ಯೇಕ ಕಾಯ್ದೆ ಇತ್ತು. ಅದರಲ್ಲಿ ಪತ್ರಕರ್ತರನ್ನು ತೆಗೆಯಲು ಮೂರು ತಿಂಗಳ ನೋಟಿಸ್, ಸಂಪಾದಕರಿಗೆ ಆರು ತಿಂಗಳು. ವೇತನ ಮಂಡಳಿ ಬಂದಿದ್ದೂ ಅದರಿಂದಲೇ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, ಆ ಹಳೆಯ ಕಾಯ್ದೆ ಇವುಗಳ ಒಳಗೆ ಕರಗಿತು. ಹೊಸದರಲ್ಲಿ ನೋಟಿಸ್ ಒಂದು ತಿಂಗಳು, ಅದಕ್ಕೇ ಮೇಲೆ ಒಂದು ತಿಂಗಳ ಲೆಕ್ಕ ಹಾಕಿದೆ. ನಷ್ಟ ಆಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಎಲ್ಲವೂ ಹೋಗಿಲ್ಲ. ನಾಲ್ಕು ವಾರಕ್ಕೆ 144 ಗಂಟೆಗಿಂತ ಜಾಸ್ತಿ ದುಡಿಸಬಾರದು ಅನ್ನುವುದು ಉಳಿದಿದೆ. ವಾರಕ್ಕೆ ಆರು ದಿನ ಅಂದರೆ ದಿನಕ್ಕೆ ಆರು ಗಂಟೆ. ನೀವು ಎಂಟು ಗಂಟೆ ಅಂತ ಬರೆದಿದ್ದೀರಿ, ಅದೂ ನೆನಪಿಡಿ. ಬೇರೆ ಕಾಯಂ ನೌಕರರಿಗೆ ಗ್ರಾಚುಟಿಗೆ ಐದು ವರ್ಷ ಬೇಕು, ಪತ್ರಕರ್ತರಿಗೆ ಮೂರು. ಕೆಲಸ ಬಿಟ್ಟರೂ ತೆಗೆದರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳ ಒಳಗೆ ಕೊಡಬೇಕು. ನೇಮಕಾತಿ ಪತ್ರ ಕೊಡುವುದು ಕಡ್ಡಾಯ, ಇದು ಕಮಾನು ಸೇತುವೆಯವರಿಗೂ ಹೇಳಿದ್ದು. ಪತ್ರಕರ್ತ ಅನ್ನುವ ಮಾತಿಗೆ ಹೊಸ ಸಂಹಿತೆಯಲ್ಲಿ ಅರೆಕಾಲಿಕವಾಗಿ ನೇಮಕ ಆದವರೂ ಸೇರುತ್ತಾರೆ, ಪತ್ರಿಕೋದ್ಯಮವೇ ಮುಖ್ಯ ಕಸುಬಾಗಿರಬೇಕು ಅಷ್ಟೆ.

ಸೋಮವಾರದ ವಿಷಯ ಬಹಳ ಮುಖ್ಯ, ದಯವಿಟ್ಟು ಗಮನ ಕೊಡಿ. ಎಲ್ಲರೂ ಒಟ್ಟಿಗೆ ರಜೆ ಹಾಕಬೇಡಿ. ಹೊಸ ಸಂಹಿತೆಯಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ಒಂದೇ ದಿನ ರಜೆ ಹಾಕಿದರೆ ಅದೂ ಮುಷ್ಕರ. ಮುಷ್ಕರಕ್ಕೆ ಹದಿನಾಲ್ಕು ದಿನ ಮೊದಲು ನೋಟಿಸ್ ಕೊಡಬೇಕು. ಕೊಡದಿದ್ದರೆ ಅಕ್ರಮ ಮುಷ್ಕರ ಅಂತ ಅವರಿಗೆ ನೀವೇ ಅಸ್ತ್ರ ಕೊಟ್ಟ ಹಾಗೆ. ನಿಮ್ಮ ಕೆಲಸ ಶುರುವಾಗುವುದು ಸಂಜೆ ನಾಲ್ಕಕ್ಕೆ ಅಲ್ವಾ? ಬೆಳಿಗ್ಗೆ ಹತ್ತೂವರೆಗೆ ಕೂರಿ, ಹನ್ನೆರಡಕ್ಕೆ ಎದ್ದು ಲೇಬರ್ ಆಫೀಸಿಗೆ ಅರ್ಜಿ ಕೊಡಿ, ಊಟ ಮಾಡಿ, ನಾಲ್ಕಕ್ಕೆ ಸರಿಯಾಗಿ ಹೋಗಿ ಹಾಜರಿ ಹಾಕಿ. ಪೊಲೀಸ್ ಸ್ಟೇಷನ್ನಿಗೆ ಮೊದಲೇ ಬರೆದುಕೊಟ್ಟಿರಿ.

ಇವತ್ತೇ ಮಾಡಬೇಕಾದದ್ದು: ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ಇಂಥ ದಿನ ನನಗೆ ಹೀಗೆ ಹೀಗೆ ಹೇಳಿದ್ದೀರಿ, ಅದನ್ನು ಬರಹದಲ್ಲಿ ಕೊಡಿ, ನಾನು ರಾಜೀನಾಮೆ ಕೊಡುವುದಿಲ್ಲ, ಕೆಲಸ ಮಾಡಲು ಸಿದ್ಧ ಇದ್ದೇನೆ. ನಾಲ್ಕು ಸಾಲು ಸಾಕು, ಸಂಪಾದಕೀಯ ಬರೆಯಬೇಡಿ. ಆ ಮೇಲ್‌ನ ಪ್ರತಿ ನಿಮ್ಮ ಸ್ವಂತ ಮೇಲ್‌ಗೂ ಹೋಗಲಿ, ಯಾಕೆಂದರೆ ಆಫೀಸ್ ಮೇಲ್ ಯಾವ ರಾತ್ರಿ ಬಂದ್ ಆಗುತ್ತದೋ ಹೇಳಲಾಗದು. ನೇಮಕಾತಿ ಪತ್ರ, ಪೇ ಸ್ಲಿಪ್, ಪಿಎಫ್ ಪಾಸ್‌ಬುಕ್, ಐಡಿ ಕಾರ್ಡ್, ನೀವು ಕಟ್ಟಿದ ಪುಟಗಳು, ರಾತ್ರಿ ಡ್ಯೂಟಿ ಪಟ್ಟಿ, ಎಲ್ಲ ಒಂದು ಕಡೆ ಇಡಿ.

ಇನ್ನೊಂದು. ನಿಮಗೆ ಇತ್ತೀಚೆಗೆ ಏನಾದರೂ ದೊಡ್ಡ ಹುದ್ದೆ ಹೆಸರು ಕೊಟ್ಟಿದ್ದಾರಾ? ಡೆಪ್ಯುಟಿ, ಚೀಫ್ ಇಂಥದ್ದು? ಸಂಬಳ ಏರಿಸದೆ ಹೆಸರು ಮಾತ್ರ ಏರಿಸಿದ್ದರೆ, ಇವರು ಮ್ಯಾನೇಜ್‌ಮೆಂಟ್ ಅಂತ ಮುಂದೆ ವಾದ ಮಾಡುತ್ತಾರೆ. ಹೆಸರು ಮುಖ್ಯ ಅಲ್ಲ, ಮಾಡುವ ಕೆಲಸ ಮುಖ್ಯ. ಅದಕ್ಕೇ ಪುಟಗಳನ್ನು ಇಟ್ಟುಕೊಳ್ಳಿ ಎಂದೆ.

ಗೊರಬಲು

ನಾನು ಸಾಗರದ ಕಡೆ ಅಡಿಕೆ ಬೆಳೆಗಾರ, ಪತ್ರಿಕೆಯವನಲ್ಲ. ಹೊರಗಿನವನ ಮಾತು ಅಂತ ತಗೊಳ್ಳಿ.

ನಮ್ಮ ಮನೆಗೆ ನಲವತ್ತು ವರ್ಷದಿಂದ ಪೇಪರ್ ಬರುತ್ತದೆ. ಬಸ್ಸಿನಲ್ಲಿ ಬಂಡಲ್ ಬರುತ್ತದೆ, ಮಳೆಗಾಲದಲ್ಲಿ ಮಧ್ಯಾಹ್ನ ಆಗುತ್ತದೆ, ಅಷ್ಟು ಹೊತ್ತಿಗೆ ಎಲ್ಲ ಸುದ್ದಿಯೂ ವಾಟ್ಸ್ಆ್ಯಪ್‌ನಲ್ಲಿ ಬಂದಿರುತ್ತದೆ. ನನ್ನ ಮಗ ಪೇಪರ್ ಮುಟ್ಟುವುದೇ ಇಲ್ಲ. ಹಾಗಿರುವಾಗ ಕಂಪನಿಯವರಿಗೂ ಕಷ್ಟ ಇರಬಹುದಲ್ವಾ? ಬರೇ ಮಾಲೀಕರದ್ದೇ ತಪ್ಪು ಅಂದರೆ ನಾನು ಒಪ್ಪುವುದಿಲ್ಲ. ಪೇಪರಿನ ಬೆಲೆ ಒಂದು ರೂಪಾಯಿ ಏರಿದರೆ ನಿಲ್ಲಿಸುತ್ತೇನೆ ಅನ್ನುವವರು ನಮ್ಮ ಊರಲ್ಲೇ ಹತ್ತು ಜನ ಇದ್ದಾರೆ.

ಆದರೆ ಒಂದು ಕತೆ ಹೇಳುತ್ತೇನೆ. ನಾನು ಮೊದಲು ತರಿಸುತ್ತಿದ್ದ ಪೇಪರ್‌ನಲ್ಲೂ ಹೀಗೇ ಪುಟ ಕಟ್ಟುವುದನ್ನು ಬೇರೆ ಊರಿಗೆ ಒಯ್ದರು. ಒಂದು ದಿನ ಧಾರಣೆ ಪಟ್ಟಿಯಲ್ಲಿ ಗೊರಬಲು ಅನ್ನುವ ಕಡಿಮೆ ದರದ ಅಡಿಕೆಯ ಸಾಲಿಗೆ ಸರಕು ಅನ್ನುವ ದುಬಾರಿ ಅಡಿಕೆಯ ಧಾರಣೆ ಬಿತ್ತು. ಎರಡಕ್ಕೂ ಕ್ವಿಂಟಲಿಗೆ ಹತ್ತಾರು ಸಾವಿರ ವ್ಯತ್ಯಾಸ, ಅಡಿಕೆ ಕಂಡವನಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ನಮ್ಮ ಪಕ್ಕದ ಮನೆಯವರು ಬೆಳಿಗ್ಗೆಯೇ ಗೊರಬಲು ಚೀಲ ಪಿಕ್‌ಅಪ್‌ಗೆ ಹಾಕಿಕೊಂಡು ಮಂಡಿಗೆ ಹೋದರು! ಅಲ್ಲಿ ಎಲ್ಲರೂ ನಕ್ಕರು. ವಾಪಸ್ ತರುವ ಬಾಡಿಗೆ ದಂಡ. ಪೇಪರಿಗೆ ಫೋನ್ ಮಾಡಿದರೆ ಎತ್ತಿದ ಹುಡುಗ, ಗೊರಬಲು ಅಂದರೆ ಏನು ಸರ್ ಅಂತ ಕೇಳಿದನಂತೆ. ಪಾಪ, ಅವನಿಗೆ ಹೇಗೆ ಗೊತ್ತಾಗಬೇಕು. ಒಂದೇ ರಾತ್ರಿ ಅವನು ಎಷ್ಟು ಜಿಲ್ಲೆಯ ಪುಟ ಕಟ್ಟುತ್ತಾನೋ.

ಆ ಪೇಪರ್ ನಿಲ್ಲಿಸಿದೆ. ಈ ಹೆಸರು ಇಟ್ಟುಕೊಂಡಿದ್ದು ಅದೇ ಸಿಟ್ಟಿಗೆ.

ಮೈಕ್ ಹುಡುಗ

ಯೂಟ್ಯೂಬ್ ಚಾನೆಲ್‌ನಲ್ಲಿ ಕೆಲಸ ಮಾಡುವವರಿಗೆ ಇದೆಲ್ಲ ಅನ್ವಯ ಆಗುತ್ತಾ ಸರ್? ನಮ್ಮಲ್ಲಿ ವರದಿ, ಕ್ಯಾಮೆರಾ, ಎಡಿಟಿಂಗ್ ಮೂರೂ ನಾನೇ. ಸಂಬಳ ಮೂರು ತಿಂಗಳಿಂದ ಬಾಕಿ. ನಾಳೆ ನಾಳೆ ಅನ್ನುತ್ತಿದ್ದಾರೆ.

ಭದ್ರಾ ಕಾಲೊನಿ

ಹಳೆಯ ಕಾಯ್ದೆ ಬರೀ ಪತ್ರಿಕೆಯವರಿಗೆ, ಟಿವಿಯವರೂ ಅದರ ಹೊರಗೇ ಇದ್ದರು. ಹೊಸ ಸಂಹಿತೆಯಲ್ಲಿ ಎಲೆಕ್ಟ್ರಾನಿಕ್, ಡಿಜಿಟಲ್ ಮಾಧ್ಯಮದ ಪತ್ರಕರ್ತರನ್ನೂ ಹೆಸರಿಸಿದ್ದಾರೆ. ಆದರೆ ತಮ್ಮಾ, ಬಾಕಿ ಸಂಬಳ ಕೇಳಲು ಪತ್ರಕರ್ತನೇ ಆಗಿರಬೇಕಿಲ್ಲ, ದುಡಿದಿದ್ದರೆ ಸಾಕು. ಸಂಬಳ ಯಾವ ಖಾತೆಯಿಂದ ಬರುತ್ತಿತ್ತು ಅನ್ನುವ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಡು. ನಾಳೆ ಅಂದ ಮೆಸೇಜುಗಳನ್ನು ಅಳಿಸಬೇಡ, ಬಾಕಿ ಇದೆ ಅಂತ ಅವರೇ ಒಪ್ಪಿಕೊಂಡ ಹಾಗೆ ಅವು.

ಕೊನೇಪುಟ

ಎಲ್ಲರಿಗೂ ಧನ್ಯವಾದ. ಮೇಲ್ ಹಾಕಿದೆ. ನಾಲ್ಕು ಸಾಲು ಬರೆಯಲು ಎರಡು ಗಂಟೆ ಹಿಡಿಯಿತು. ಹೌದು ಸರ್, ಎರಡು ವರ್ಷದ ಹಿಂದೆ ನನಗೆ ಚೀಫ್ ಸಬ್ (ಮುಖ್ಯ ಉಪಸಂಪಾದಕಿ) ಅಂತ ಹೆಸರು ಕೊಟ್ಟರು. ಸಂಬಳ ಏರಲಿಲ್ಲ, ಮನೆಯಲ್ಲಿ ಪಾಯಸ ಮಾಡಿದ್ದೆ.

ಕಮಾನು ಸೇತುವೆ ಅಣ್ಣಾ, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನೀವು ಹೇಳಿದ ಹಾಗೆ ರಾತ್ರಿ ಹತ್ತಕ್ಕೆ ಫೋನ್ ಮಾಡಿ ಗದರಿದವರಲ್ಲಿ ನಾನೂ ಒಬ್ಬಳು. ನಿಮಗೇ ಮಾಡಿದ್ದೆನೋ ಏನೋ. ನಮ್ಮ ಮನವಿಯಲ್ಲಿ ಸ್ಟ್ರಿಂಗರ್‌ಗಳಿಗೆ ನೇಮಕಾತಿ ಪತ್ರ ಕೊಡಬೇಕು ಅಂತ ಒಂದು ಬೇಡಿಕೆ ಸೇರಿಸೋಣ ಅಂದೆ. ನಮ್ಮಲ್ಲೇ ಇಬ್ಬರು, ಅದೆಲ್ಲ ಈಗ ಬೇಡ, ನಮ್ಮದೇ ಆಗುವುದು ಕಷ್ಟ ಇದೆ ಎಂದರು. ಜಗಳ ಆಯಿತು. ಕೊನೆಗೆ ಸೇರಿಸಿದೆವು, ಕೊನೆಯ ಬೇಡಿಕೆಯಾಗಿ.

ಕಮಾನು ಸೇತುವೆ

ಕೊನೆಯಲ್ಲಾದರೂ ಬಂತಲ್ಲ. ಎಷ್ಟು ಹೊತ್ತಿಗೆ ಕೂರುತ್ತೀರಿ?

ಅಚ್ಚುಮೊಳೆ

ನಾನೂ ಬರುತ್ತೇನೆ. ಹೆಂಡತಿಗೆ ಹೇಳಿದರೆ ಈ ವಯಸ್ಸಲ್ಲಿ ಎಂಥ ಧರಣಿ ಅಂದಳು. ನಾನು ಪ್ರಾಯದಲ್ಲೂ ಕೂತವನಲ್ಲ, ಅದು ಅವಳಿಗೂ ಗೊತ್ತು. ಕಾಗೋಡು ಸತ್ಯಾಗ್ರಹದ ಜಿಲ್ಲೆ ನಮ್ಮದು ಅಂತ ಎಷ್ಟು ಲೇಖನಕ್ಕೆ ತಲೆಬರಹ ಕೊಟ್ಟಿದ್ದೇನೋ ಲೆಕ್ಕ ಇಲ್ಲ.

ಕೊನೇಪುಟ

ಸೋಮವಾರ ಏನಾಯಿತು ಅಂತ ಬರೆಯುತ್ತೇನೆ. ಈಗಷ್ಟೇ ಮನೆಗೆ ಬಂದೆ, ರಾತ್ರಿ ಹನ್ನೆರಡೂವರೆ.

ಭಾನುವಾರ ರಾತ್ರಿಯ ಹೊತ್ತಿಗೆ ಹನ್ನೊಂದರಲ್ಲಿ ಮೂವರು ಸಹಿ ಹಾಕಿಬಿಟ್ಟಿದ್ದರು. ಅವರ ಮೇಲೆ ಸಿಟ್ಟಿಲ್ಲ. ಒಬ್ಬರಿಗೆ ಮನೆ ಸಾಲ, ಒಬ್ಬರಿಗೆ ಮುಂದಿನ ತಿಂಗಳು ಹೆರಿಗೆ. ಇನ್ನಿಬ್ಬರು ಫೋನ್ ಎತ್ತಲಿಲ್ಲ. ಕೂತವರು ಆರು ಜನ, ಅಚ್ಚುಮೊಳೆ ಸರ್ ಸೇರಿ ಏಳು. ಮಳೆ ಒಂದೇ ಸಮನೆ ಸುರಿಯುತ್ತಿತ್ತು, ಹಾಗಾಗಿ ಕೂರಲಿಲ್ಲ, ಕೊಡೆ ಹಿಡಿದುಕೊಂಡು ನಿಂತೆವು. ಕೊಡೆ ಹಿಡಿದರೆ ಬೋರ್ಡ್ ಹಿಡಿಯಲು ಕೈ ಇಲ್ಲ, ಬೋರ್ಡ್ ಹಿಡಿದರೆ ಬರೆದದ್ದೆಲ್ಲ ಕರಗಿ ಹೋಗುತ್ತದೆ. ಇಷ್ಟು ವರ್ಷ ಪ್ರತಿಭಟನೆಯ ಫೋಟೊ ಆರಿಸಿದವಳಿಗೆ ಇದು ಮಾತ್ರ ಹೊಳೆದಿರಲಿಲ್ಲ. ಹನ್ನೊಂದಕ್ಕೆ ಕಮಾನು ಸೇತುವೆಯವರು ಬಂದರು, ಜೊತೆಗೆ ಹೊಸನಗರ ಕಡೆಯ ಇನ್ನಿಬ್ಬರು ಸ್ಟ್ರಿಂಗರ್‌ಗಳು. ಬರುವಾಗ ದಪ್ಪ ಪ್ಲಾಸ್ಟಿಕ್ ಹಾಳೆ ತಂದಿದ್ದರು, ಅಡಿಕೆ ಒಣಗಿಸುವಾಗ ಮಳೆ ಬಂದರೆ ಹೊದಿಸುವಂಥದ್ದು. ಅದನ್ನು ಬೋರ್ಡಿನ ಮೇಲೆ ಕಟ್ಟಿದೆವು. ನಾನು ಅವರ ಮುಖ ಮೊದಲ ಸಲ ನೋಡಿದ್ದು, ಧ್ವನಿ ಮಾತ್ರ ಚೆನ್ನಾಗಿ ಗೊತ್ತಿತ್ತು. ಮೈಕ್ ಹುಡುಗನೂ ಬಂದು ವಿಡಿಯೊ ಮಾಡಿಕೊಂಡ. ಅವನ ಚಾನೆಲ್‌ನವರು ಹಾಕಲಿಲ್ಲ, ಅವನು ತನ್ನ ಸ್ವಂತ ಪೇಜಿನಲ್ಲಿ ಹಾಕಿದ.

ಲೇಬರ್ ಆಫೀಸಿನಲ್ಲಿ ಅರ್ಜಿ ತೆಗೆದುಕೊಂಡು ಸೀಲ್ ಹಾಕಿಕೊಟ್ಟರು. ಎರಡೂ ಕಡೆಯವರನ್ನು ಕರೆಸುತ್ತೇವೆ, ಗುರುವಾರ ಮೂರು ಗಂಟೆಗೆ ಬನ್ನಿ ಎಂದರು.

ಆಮೇಲೆ ನಾಲ್ಕಕ್ಕೆ ಆಫೀಸಿಗೆ ಹೋದೆ. ಒದ್ದೆ ಸೀರೆ ಬದಲಾಯಿಸಲೂ ಹೊತ್ತು ಸಿಗಲಿಲ್ಲ. ಯಾರೂ ಏನೂ ಕೇಳಲಿಲ್ಲ, ಅದೇ ಒಂಥರಾ ಭಯ ಆಯಿತು. ಐದು ಗಂಟೆಗೆ ಮೇಲ್ ತೆರೆದರೆ ನಮ್ಮದೇ ಪ್ರತಿಭಟನೆಯ ಪ್ರೆಸ್ ನೋಟ್! ಸಹೋದ್ಯೋಗಿ ಎಲ್ಲ ಪತ್ರಿಕೆಗಳ ಐಡಿಗೂ ಕಳಿಸಿದ್ದರು, ನಮ್ಮ ಡೆಸ್ಕಿಗೂ ಬಂದಿತ್ತು. ಬಿಡಲು ಮನಸ್ಸಾ​ಗಲಿಲ್ಲ. ತಿದ್ದಿ, ಆರು ಸಾಲು ಮಾಡಿ, ಸಂಕ್ಷಿಪ್ತ ಸುದ್ದಿಯಲ್ಲಿ ಇಟ್ಟೆ. ಪತ್ರಿಕೆ ಹೆಸರು ಇರಲಿಲ್ಲ, ಪತ್ರಕರ್ತರ ಪ್ರತಿಭಟನೆ ಅಂತ ಅಷ್ಟೇ. ಹನ್ನೊಂದು ಗಂಟೆಗೆ ಮೇಲಿನವರು ಪುಟ ನೋಡಿ ಅದನ್ನು ತೆಗೆಸಿದರು. ಆ ಜಾಗಕ್ಕೆ ‘ನಾಳೆ ವಿದ್ಯುತ್ ವ್ಯತ್ಯಯ’ ಅನ್ನುವ ಸುದ್ದಿ ಹಾಕಿದೆ. ಸ್ಥಳೀಯ ಪತ್ರಿಕೆಗಳಲ್ಲಿ ಎರಡು ನಮ್ಮ ಸುದ್ದಿ ತೆಗೆದುಕೊಂಡಿವೆ ಅಂತ ಈಗ ಗೊತ್ತಾಯಿತು, ಒಂದರಲ್ಲಿ ಫೋಟೊ ಸಮೇತ.

ಭದ್ರಾ ಕಾಲೊನಿ ಸರ್, ಗುರುವಾರಕ್ಕೆ ಕಾಗದ ಜೋಡಿಸುತ್ತಿದ್ದೇನೆ. ನೇಮಕಾತಿ ಪತ್ರ ಸಿಕ್ಕಿತು, ಪಿಎಫ್ ಪಾಸ್‌ಬುಕ್ ತೆಗೆದೆ. 2019ರ ಮೂರು ತಿಂಗಳ ಪೇ ಸ್ಲಿಪ್ ಇಲ್ಲ. ಅದರ ಬದಲು ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟರೆ ನಡೆಯುತ್ತದಾ? ಮತ್ತೆ ಪುಟಗಳನ್ನು ಎಷ್ಟು ತರಬೇಕು? ಒಂಬತ್ತು ವರ್ಷದ್ದು ಅಟ್ಟದ ಮೇಲೆ ಇದೆ, ಅರ್ಧಕ್ಕೆ ಗೆದ್ದಲು ಹಿಡಿದಿದೆ.